ಆರಾಮಿದ್ದವರಿಗೆ ಸೂಜಿ

ನಮ್ಮ ಕಡೆ ಮೈಯೊಳಗೆ ಸೂಜಿ ಇಳಿಯದೆ ಜ್ವರ ಇಳಿಯುವುದಿಲ್ಲ. ಬರೀ ಗುಳಿಗೆ ಬರೆದುಕೊಡುವ ಡಾಕ್ಟರರನ್ನು ಜನ ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ. "ಯಾಕ್ರಿ ಸಾಹೇಬ್ರ, ಸೂಜಿ ಮಾಡಂಗಿಲ್ಲೇನ್ರಿ?" ಎಂದು ಕೇಳುತ್ತಾರೆ. ಬೇಕಾಗಿಲ್ಲ ಎಂದರೆ ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಎದುರಿನ ದವಾಖಾನೆಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಇಂಥ ಸೀಮೆಯಲ್ಲಿ ಸೂಜಿ ಮಾರುವ ಕೆಲಸವೆಂದರೆ ಸುಲಿದ ಬಾಳೆಹಣ್ಣು ಎಂದು ನಾನು ತಿಳಿದಿದ್ದೆ. ನನ್ನ ಎಣಿಕೆ ಪೂರ್ತಿ ತಪ್ಪಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಔಷಧ ಕಂಪನಿಯೊಂದರ ಪ್ರತಿನಿಧಿ, ಅಂದರೆ ಎಲ್ಲರೂ ಕರೆಯುವಂತೆ ಎಂ.ಆರ್. ಕೊರಳಲ್ಲಿ ಟೈ, ಕೈಯಲ್ಲಿ ಕರಿಯ ಬ್ಯಾಗು, ಬೂಟಿನ ಮೇಲೆ ಐದೂರಿನ ಧೂಳು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದು ಕೆಂಪು ಬಸ್ಸಿನಲ್ಲಿ ಸುತ್ತುತ್ತ ಡಾಕ್ಟರರ ಬಾಗಿಲು ಕಾಯುವುದು ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ದೇವರು ನನಗೆ ಕೊಟ್ಟದ್ದು ಮೂಗಿನ ತುದಿಯ ಸಿಟ್ಟು. ಡಾಕ್ಟರರ ಎದುರು ಹಲ್ಲು ಕಿರಿದು, ಹೊರಗೆ ಬಂದು ಬಸ್ ಸ್ಟ್ಯಾಂಡಿನ ಚಹಾದವನ ಮೇಲೆ ಹರಿಹಾಯುತ್ತಿದ್ದೆ. ಅವನು ನನ್ನ ಮುಖ ನೋಡಿಯೇ ಇಂದು ಎಷ್ಟು ಡಾಕ್ಟರರು ಒಲ್ಲೆ ಎಂದಿದ್ದಾರೆಂದು ಹೇಳಿಬಿಡುತ್ತಿದ್ದ.

ಆ ವರ್ಷ ಕಂಪನಿ ನನ್ನ ಬ್ಯಾಗಿಗೆ ಹೊಸ ಲಸಿಕೆಯೊಂದನ್ನು ಹಾಕಿತು. ವಯಸ್ಸಾದವರಿಗೆ ನ್ಯುಮೋನಿಯಾ ಬಾರದಂತೆ, ಬಂದರೂ ಪ್ರಾಣಕ್ಕೆ ಎರವಾಗದಂತೆ ಕಾಯುವ ಸೂಜಿ ಅದು. ಅದನ್ನು ತಂಪಾಗಿ ಇಡಬೇಕು, ಆದರೆ ಹೆಪ್ಪುಗಟ್ಟಲು ಬಿಡಬಾರದು. ಹಾಗಾಗಿ ಬೆಳಗಾವಿಯಿಂದ ಹೊರಡುವಾಗ ಮುಚ್ಚಳದ ಡಬ್ಬಿಯಲ್ಲಿ ಬರ್ಫದ ಪೊಟ್ಟಣಗಳ ನಡುವೆ ಬಟ್ಟೆ ಸುತ್ತಿಟ್ಟುಕೊಂಡು, ಹಡೆದ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದೆ. ಪಕ್ಕದಲ್ಲಿ ಕುಳಿತವರಿಗೆ ಅದರೊಳಗೆ ಕುಲ್ಫಿ ಇದೆಯೆಂದು ಖಾತ್ರಿ. ಒಬ್ಬ ಅಜ್ಜಿಯಂತೂ ರಾಯಬಾಗ ಬರುವವರೆಗೆ ಡಬ್ಬಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಕೊನೆಗೆ, "ನಂಗೊಂದು ಕೊಟ್ರ ನಿನ್ನ ಗಂಟೇನು ಹೋಗ್ತೈತೋ ಯಪ್ಪಾ?" ಎಂದಳು. "ಕೊಡ್ತೇನಿ ಬೇ, ತೋಳ ಚಾಚು," ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಡಾಕ್ಟರರಿಗೆ ಇದನ್ನು ಒಪ್ಪಿಸುವುದಿತ್ತಲ್ಲ, ಅಲ್ಲಿ ನನ್ನ ಬೆವರಿಳಿಯಿತು. ನಿಪ್ಪಾಣಿಯ ಡಾಕ್ಟರರ ದವಾಖಾನೆಯಲ್ಲಿ ಬೆಳಗಿನಿಂದ ತಂಬಾಕು ಬಡಿಯುವವರು, ಬೀಡಿ ಕಟ್ಟುವವರು ಸಾಲಾಗಿ ಕುಳಿತು ಕೆಮ್ಮುತ್ತಿದ್ದರು. ನನ್ನ ಭಾಷಣ ಮುಗಿಯುವವರೆಗೆ ಕೇಳಿ ಅವರು, "ಅರೇ ಬಾಬಾ, ಕೆಮ್ಮು ಇಲ್ಲದ ಮುದುಕನ್ನ ಈ ಊರಾಗ ಹುಡುಕಿ ಕೊಡ್ರಿ, ಹಾಕ್ತೇನಿ," ಎಂದರು. "ಎದಿ ಸೋತವ್ರಿಗೇ ಇದು ಮೊದಲ ಬೇಕ್ರಿ," ಎಂದೆ. "ಅವ್ರು ಕೆಮ್ಮಿಗೆ ಔಷಧ ಕೇಳಾಕ ಬಂದಾರ. ಬರದ ಜಡ್ಡಿಗೆ ಯಾವಾಂವ ಸೂಜಿ ಮಾಡಿಸ್ಕೋತಾನ?" ಎಂದು ಮುಂದಿನ ರೋಗಿಯನ್ನು ಕರೆದರು.

ರಾಯಬಾಗದವರು ಇನ್ನೊಂದು ತೆಗೆದರು. "ಡೋಸ ಅನ್ನೂದು ಕೂಸುಗೋಳಿಗ್ರಿ. ಎಪ್ಪತ್ತು ವರ್ಷದಾಂವನ್ನ ಕರದು ಡೋಸ ಹಾಕಿದ್ನಿ ಅಂದ್ರ ನನ್ನ ತಲಿ ಕೆಟ್ಟೈತಿ ಅಂತಾರ." ಅಥಣಿಯವರಿಗೆ ದ್ರಾಕ್ಷಿ ತೋಟವಿತ್ತು, ಅದಕ್ಕೆ ನಾನೂ ತೋಟದ ಕಡೆಯಿಂದಲೇ ಹೋದೆ. "ರೋಗ ಬರೂಕಿಂತ ಮೊದಲ ದ್ರಾಕ್ಷಿಗೆ ಔಷಧ ಹೊಡೀತೀರಲ್ರಿ, ಇದೂ ಹಂಗ." ಅವರು ತಲೆಯಾಡಿಸಿದರು. "ಹೊಡೀತೇನ್ರಿ. ಯಾಕಂದ್ರ ದ್ರಾಕ್ಷಿ ಬಳ್ಳಿ ನನ್ನ ಜೋಡಿ ವಾದಾ ಮಾಡಂಗಿಲ್ಲ. ಮುದುಕರು ಮಾಡ್ತಾರ," ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ. ಆದರೆ ಅವರು ಕೋಣಗಳಾಗಿರಲಿಲ್ಲ. ತಮ್ಮ ಜನರ ನಾಡಿ ಬಲ್ಲವರಾಗಿದ್ದರು. ಎಲ್ಲರೂ ಕೊನೆಗೆ ಒಂದೇ ಮಾತಿಗೆ ಬರುತ್ತಿದ್ದರು. ಕಾಗವಾಡದ ಡಾಕ್ಟರು ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟರು. "ಚಿಕ್ಕೋಡಿ ಹಿರಿ ಡಾಕ್ಟ್ರು ಏನಂತಾರ ನೋಡ್ರಿ. ಅವ್ರು ಹಾಕಿದ್ರ ನಾವೂ ಹಾಕ್ತೀವಿ."

ಚಿಕ್ಕೋಡಿಯ ಹಿರಿಯ ಡಾಕ್ಟರರಿಗೆ ಆಗ ಎಪ್ಪತ್ತು ದಾಟಿತ್ತು. ಈ ಐದೂರಿನ ಡಾಕ್ಟರರಲ್ಲಿ ಅರ್ಧ ಜನ ಕೋರ್ಸು ಮುಗಿಸಿ ಮೊದಲು ಅವರ ಕೈಕೆಳಗೇ ಕೆಲಸ ಕಲಿತವರು. ಉಳಿದರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ನಾನೂ ಹಾಗೆಯೇ. ಹುಟ್ಟಿದಾಗ ಅಳಲಿಲ್ಲವೆಂದು ಅವರು ನನ್ನನ್ನು ಕಾಲು ಹಿಡಿದು ಎತ್ತಿ ಬೆನ್ನಿಗೊಂದು ಏಟು ಕೊಟ್ಟರಂತೆ. ನನ್ನ ಅಪ್ಪ ಹೋದ ಮೇಲೆ ಓದಿಗೆ, ಕೆಲಸಕ್ಕೆ, ಮದುವೆಗೆ ಅವರೇ ಮುಂದಾದರು. ಹೇಳಲು ನಾಚಿಕೆ ಏಕೆ, ನಾನು ಅವರನ್ನು ಅಪ್ಪನಿಗಿಂತ ಹೆಚ್ಚು ಹಚ್ಚಿಕೊಂಡಿದ್ದೆ.

ಹಿಂದಿನ ಚಳಿಗಾಲದಲ್ಲಿ ಅವರಿಗೇ ನ್ಯುಮೋನಿಯಾ ಆಗಿತ್ತು. ಜೀಪಿನಲ್ಲಿ ಮಲಗಿಸಿಕೊಂಡು ಮಿರಜದ ದೊಡ್ಡ ದವಾಖಾನೆಗೆ ಒಯ್ದಿದ್ದರು. ಬದುಕಿ ಬಂದರು, ಆದರೆ ಬಂದವರು ಅರ್ಧ ಆಳಾಗಿದ್ದರು. ಮೆಟ್ಟಿಲು ಹತ್ತಿದರೆ ನಿಲ್ಲುತ್ತಿದ್ದರು, ನಕ್ಕರೆ ದಮ್ಮು ಬರುತ್ತಿತ್ತು. ಅವರ ಹೆಂಡತಿಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಆಕೆ ಒಂದು ದಿನ ನನ್ನನ್ನು ಅಡುಗೆ ಮನೆಗೆ ಕರೆದು ದನಿ ತಗ್ಗಿಸಿ ಹೇಳಿದಳು. "ಇನ್ನೊಮ್ಮಿ ಬಂದ್ರ ತಡಕೊಳ್ಳಂಗಿಲ್ಲ ಅಂತ ಮಿರಜದಾಗ ಹೇಳ್ಯಾರೋ ತಮ್ಮಾ. ಇವ್ರಿಗೂ ಗೊತ್ತೈತಿ. ನಂಗ ಗೊತ್ತಿಲ್ಲ ಅಂತ ತಿಳ್ಕೊಂಡಾರ." ಅಂದಿನಿಂದ ಆ ಡಬ್ಬಿಯ ಸೂಜಿ ನನಗೆ ಕಂಪನಿಯ ಮಾಲಾಗಿ ಉಳಿಯಲಿಲ್ಲ. ಮುಂದಿನ ಚಳಿ ಬರುವುದರೊಳಗೆ ಅದು ಅವರ ತೋಳಿಗೆ ಹೋಗಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಡಾಕ್ಟರು ನಾನು ಕೊಟ್ಟ ಕಾಗದಗಳನ್ನೆಲ್ಲ ಕನ್ನಡಕ ಏರಿಸಿ ಓದಿದರು. "ಛಲೋ ಐತಿ. ಹಾಕಬೇಕಾದ್ದ," ಎಂದರು. "ಹಂಗಾರ ಮೊದಲ ನಿಮಗ ಹಾಕೂಣ್ರಿ," ಎಂದೆ. "ನಂಗ್ಯಾಕ? ಮೊದಲ ಪೇಷಂಟ್," ಎಂದರು. ಆ ಹೊತ್ತಿಗೆ ಸರಿಯಾಗಿ ಅಲಖನೂರಿನ ಗೌಡರು ಮೊಮ್ಮಗಳ ಕಿವಿನೋವಿಗೆ ಔಷಧ ಒಯ್ಯಲು ಬಂದಿದ್ದರು. ಕಬ್ಬಿನ ಹೊಲದವರು, ಎಪ್ಪತ್ತರ ಹತ್ತಿರ ಬಂದರೂ ಹಾರೆಯಂಥ ಮೈ. ಡಾಕ್ಟರು ಅವರನ್ನು ಕೂಡಿಸಿ, "ಗೌಡ್ರ, ತೋಳ ತಗೀರಿ," ಎಂದರು. ಗೌಡರಿಗೆ ಡಾಕ್ಟರ ಮಾತು ವೇದ. ಯಾಕೆ ಏನು ಎಂದು ಕೇಳದೆ ಅಂಗಿ ಸರಿಸಿದರು, ಸೂಜಿ ಹಾಕಿಸಿಕೊಂಡು ಔಷಧದ ಬಾಟಲಿ ಹಿಡಿದು ಊರಿಗೆ ಹೋದರು. ನಾನು ಆ ದಿನ ಚಹಾದವನಿಗೆ ಬೈಯಲಿಲ್ಲ. ಅವನು ಗಾಬರಿಯಾದ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ಯಾರಿಗಾದರೂ ಜಡ್ಡಾಗಿದೆ ಎಂದು ತಿಳಿದರೆ ನಾವು ಅವರನ್ನು 'ಮಾತಾಡಿಸಲು' ಹೋಗುತ್ತೇವೆ. ಬರಿಗೈಯಲ್ಲಿ ಹೋಗುವಂತಿಲ್ಲ, ಬಾಳೆಹಣ್ಣು, ಬ್ರೆಡ್ಡು, ಬಿಸ್ಕಿಟ್ಟಿನ ಪುಡೆ ಏನಾದರೊಂದು ಬೇಕು. ಹಾಸಿಗೆಯ ಹತ್ತಿರ ಕುಳಿತು ಒಂದು ನಿಟ್ಟುಸಿರು ಬಿಡಬೇಕು. ಇಂಥದೇ ಜಡ್ಡಾಗಿ ಸತ್ತ ಯಾರಾದರೊಬ್ಬರ ಕಥೆಯನ್ನು ವಿವರವಾಗಿ ಹೇಳಬೇಕು. ಚಹಾ ಕುಡಿಯಬೇಕು. "ಎಲ್ಲಾ ಆರಾಮ ಆಗ್ತೈತಿ ಬಿಡ್ರಿ," ಎಂದು ಏಳಬೇಕು. ಹೋಗದಿದ್ದರೆ ಬಳಗದಲ್ಲಿ ವರ್ಷಗಟ್ಟಲೆ ಮಾತು ಬರುತ್ತದೆ. ಹೆಣ್ಣು ಕೊಟ್ಟು ತಂದ ಸಂಬಂಧಗಳು ಮುರಿದದ್ದನ್ನೂ ನಾನು ಕಂಡಿದ್ದೇನೆ.

ಗೌಡರಿಗೆ ಮರುದಿನ ತೋಳು ಸ್ವಲ್ಪ ಬಾತು ಮೈ ಬೆಚ್ಚಗಾಯಿತು. ಅದು ಆಗುವಂಥದ್ದೇ, ತಾನಾಗಿ ಹೋಗುವಂಥದ್ದೇ. ಆದರೆ ಊರಿನ ತರ್ಕ ಬೇರೆ ದಾರಿ ಹಿಡಿಯಿತು. ಮೊಮ್ಮಗಳ ಕಿವಿ ತೋರಿಸಲು ಹೋದವರಿಗೆ ಹಿರಿಯ ಡಾಕ್ಟರು ತಾವಾಗಿಯೇ ಕರೆದು ಸೂಜಿ ಮಾಡಿದ್ದಾರೆ. ಏನು ಜಡ್ಡೆಂದು ಹೇಳಿಲ್ಲ. ದುಡ್ಡನ್ನೂ ಕೇಳಿಲ್ಲ. ಮುಖ ನೋಡಿಯೇ ಗೊತ್ತಾಗಿರಬೇಕು, ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ಇಷ್ಟು ಸಾಕಾಯಿತು. ಸಂಜೆಯೊಳಗೆ ಓಣಿಯವರು ಬಾಳೆಹಣ್ಣು ಹಿಡಿದು ಬಂದರು. ಮರುದಿನ ಅಥಣಿಗೆ ಕೊಟ್ಟ ಮಗಳು ಬಸ್ಸಿನಿಂದ ಇಳಿಯುತ್ತಲೇ ಅಳುತ್ತ ಬಂದಳು. ಶೇಡಬಾಳದಿಂದ ಗೌಡರ ಹಳೆಯ ಗೆಳೆಯ, ಜೈನರ ಮನೆಯ ವ್ಯಾಪಾರಿ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಬಂದು ಇವರ ಕೈ ಹಿಡಿದು ಕುಳಿತರು.

ಗೌಡರು ಮೊದಲು, "ನಾ ಆರಾಮ ಅದೀನ್ರೋ," ಎಂದು ಕೂಗಾಡಿದರು. ಆದರೆ ಜಡ್ಡಾದವರೆಲ್ಲ ಹಾಗೆಯೇ ಹೇಳುತ್ತಾರೆಂದು ಎಲ್ಲರಿಗೂ ಗೊತ್ತು. ಎದುರು ಕುಳಿತವರೆಲ್ಲ ಸತ್ತವರ ಕಥೆಗಳನ್ನು ಹೇಳತೊಡಗಿದ ಮೇಲೆ ಗೌಡರಿಗೇ ಅನುಮಾನ ಹತ್ತಿತು. ಒಂದು ರೊಟ್ಟಿ ಕಡಿಮೆ ತಿಂದರು. ಅದು ಸುದ್ದಿಯಾಯಿತು. ಬಾಳೆಹಣ್ಣು ಇನ್ನಷ್ಟು ಬಂತು. ವಾರ ತುಂಬುವುದರೊಳಗೆ ಹಾರೆಯಂಥ ಮನುಷ್ಯ ನಿಜವಾಗಿಯೂ ಹಾಸಿಗೆ ಹಿಡಿದರು.

ಕೊನೆಗೆ ಇಡೀ ಬಳಗ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕುಳಿತು ಚಿಕ್ಕೋಡಿಗೆ ಬಂತು. ಆ ದಿನ ನಾನೂ ಅಲ್ಲೇ ಇದ್ದದ್ದು ನನ್ನ ಹಣೆಬರಹ. ಗೌಡರು ಡಾಕ್ಟರ ಎದುರು ಕೈಮುಗಿದು ನಿಂತರು. "ಸಾಹೇಬ್ರ, ನಿಮ್ಮ ಕಾಲ ಹಿಡೀತೇನಿ, ಖರೇ ಹೇಳ್ರಿ. ನಂದು ಎಷ್ಟ ದಿನ ಐತಿ? ಮಕ್ಕಳಿಗೆ ಹೊಲ ಹಂಚಿ ವಾಟ್ನಿ ಮಾಡಿ ಹೋಗ್ತೇನಿ." ಡಾಕ್ಟರು ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮಿ ಸಿಟ್ಟಾದರು. "ನಿಮಗ ಏನೂ ಆಗಿಲ್ರಿ! ಮುಂದ ಆಗಬಾರದಂತ ಹಾಕೇನಿ!" ಎಂದು ಟೇಬಲ್ಲು ಗುದ್ದಿದರು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಮಗ ಧೈರ್ಯಾ ಹೇಳಾಕತ್ತಾರ, ದೇವರಂಥ ಮನಶ್ಯಾ," ಎಂದಳು.

ಗೌಡರಿಗೆ ಧೈರ್ಯ ಬರಲು ಇಡೀ ಮಧ್ಯಾಹ್ನ ಹಿಡಿಯಿತು. ಕಾಕು ಹಾಕಿಕೊಟ್ಟ ಊಟವನ್ನು ಹೊಟ್ಟೆ ತುಂಬ ಉಂಡ ಮೇಲೆ, ಹಸಿವೆ ಇದ್ದವನಿಗೆ ಸಾವು ಹತ್ತಿರ ಇರಲಿಕ್ಕಿಲ್ಲ ಎಂದು ತಾವೇ ತೀರ್ಮಾನಿಸಿದರು. ಟ್ರ್ಯಾಕ್ಟರು ಹೋದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ನಿನ್ನ ಸೂಜಿ ಛಲೋ ಐತಿ, ಮಂದಿ ಛಲೋ ಇಲ್ಲ. ಆ ಡಬ್ಬಿ ತಗೊಂಡ ನಡಿ."

"ನಿಮ್ಮದು ಏನ ಮಾಡೋದ್ರಿ?" ಎಂದೆ.

"ನಂದಾ? ಗೌಡಗ ಟ್ರೇಲರ್ ತುಂಬ ಮಂದಿ ಬಂತು. ನಾ ಸೂಜಿ ಮಾಡಿಸ್ಕೊಂಡೇನಿ ಅಂದ್ರ ತಾಲೂಕನ ಬರ್ತೈತಿ. ಡಾಕ್ಟರಗ ಜಡ್ಡ ಅಂದ್ರ ಪೇಷಂಟಗೋಳು ಯಾರ ಕಡೆ ನೋಡಬೇಕಲೇ? ಬ್ಯಾಡ."

ನನಗೆ ತಡೆಯಲಾಗಲಿಲ್ಲ. ಎಂ.ಆರ್. ಆದವನು ಡಾಕ್ಟರ ಮೇಲೆ ದನಿ ಏರಿಸಬಾರದು ಎಂಬ ನಿಯಮವನ್ನು ಟೈ ಜೊತೆಗೇ ಸಡಿಲಿಸಿ, "ಮಂದಿ ಬಂದ್ರ ಚಹಾ ಖರ್ಚ ಆಗ್ತೈತ್ರಿ, ಜಡ್ಡ ಬಂದ್ರ ನೀವ ಇರಂಗಿಲ್ಲ!" ಎಂದು ಕಿರುಚಿದೆ. ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಡಾಕ್ಟರು ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ನಾನು ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ. ಅಂದು ಚಹಾದವನಿಗೆ ಬೈಯುವಷ್ಟು ಉತ್ಸಾಹವೂ ಇರಲಿಲ್ಲ.

ದೀಪಾವಳಿ ಬಂತು. ಬೆಳಗಾವಿಯಲ್ಲಿ ಅಂಗಡಿಗಳು ಬಾಗಿಲು ಹಾಕುವವಿದ್ದವು, ನನ್ನ ಹತ್ತಿರ ಉಳಿದಿದ್ದ ಲಸಿಕೆ ಇಡಲು ತಂಪಿನ ಜಾಗವಿರಲಿಲ್ಲ. ಬೇರೆ ದಾರಿ ಕಾಣದೆ ನರಕ ಚತುರ್ದಶಿಯ ಬೆಳಿಗ್ಗೆ ಡಬ್ಬಿ ಹಿಡಿದು ಡಾಕ್ಟರ ಮನೆಗೇ ಹೋದೆ. ಅವರ ಮನೆಯಲ್ಲಿ ಫ್ರಿಜ್ ಇತ್ತು. ಕಾಕು ಮೊಸರಿನ ಪಾತ್ರೆ ಸರಿಸಿ ಜಾಗ ಮಾಡಿಕೊಟ್ಟಳು. ಹಬ್ಬಕ್ಕೆಂದು ದವಾಖಾನೆಗೆ ಬೀಗ. ಡಾಕ್ಟರು ಎಣ್ಣೆ ಸ್ನಾನ ಮಾಡಿ, ತಲೆಗೆ ಮಫ್ಲರು ಸುತ್ತಿ, ಕಂಬಳಿ ಹೊದ್ದು, ಪಡಸಾಲೆಯ ಮಂಚದ ಮೇಲೆ ಕಣ್ಣುಮುಚ್ಚಿ ಅಡ್ಡಾಗಿದ್ದರು. ನನ್ನ ಮೇಲಿನ ಮುನಿಸು ಇನ್ನೂ ಇತ್ತು, ಮಗ್ಗುಲು ಬದಲಿಸಿದರು.

ಅದೇ ಹೊತ್ತಿಗೆ ಹೂವಿನವಳು ಬಾಗಿಲಿಗೆ ಬಂದಳು. ಅವಳು ಕಂಡದ್ದು ಇಷ್ಟು: ದವಾಖಾನೆಗೆ ಬೀಗ, ಡಾಕ್ಟರು ಕಂಬಳಿಯೊಳಗೆ, ಕಾಕುವಿನ ಸಪ್ಪೆ ಮುಖ, ಹಬ್ಬದ ದಿನವೂ ಓಡಿ ಬಂದ ಎಂ.ಆರ್., ಅವನ ಕೈಯಲ್ಲಿ ಬರ್ಫದ ಡಬ್ಬಿ. ಹೂವು ಕೊಟ್ಟು ದುಡ್ಡನ್ನೂ ಇಸಿದುಕೊಳ್ಳದೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹಬ್ಬದ ಸಂತೆಯಲ್ಲಿ ಹೂವಿನ ಜೊತೆಗೆ ಸುದ್ದಿಯೂ ಮಾರಾಟವಾಯಿತು. ಹಿರಿ ಡಾಕ್ಟ್ರು ಮತ್ತ ಮಲಗ್ಯಾರ, ಬೆಳಗಾವಿಯಿಂದ ಸೂಜಿ ತರ್ಸ್ಯಾರ.

ಮರುದಿನ ಮುಂಜಾನೆ ನಾನು ಹಬ್ಬದ ಚಕ್ಕುಲಿ, ಉಂಡಿಯ ಫರಾಳ ಕೊಡಲು ಹೋದಾಗ ಡಾಕ್ಟರ ಮನೆಯ ಮುಂದೆ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಪಡಸಾಲೆ ತುಂಬಿ, ಅಂಗಳ ತುಂಬಿ, ಜನ ಕಟ್ಟೆಯ ಮೇಲೆ ಕುಳಿತಿದ್ದರು. ಒಂದು ಮೂಲೆಯಲ್ಲಿ ಬಾಳೆಹಣ್ಣಿನ ರಾಶಿ. ಅವರಲ್ಲಿ ಹೆಚ್ಚಿನವರು ಕೋಲೂರಿಕೊಂಡು ಬಂದ ಅಜ್ಜ ಅಜ್ಜಿಯರು, ಡಾಕ್ಟರ ಕೈಯಲ್ಲಿ ಮಕ್ಕಳನ್ನು ಹೆತ್ತವರು, ಅವರ ಜೊತೆಗೇ ಮುದುಕರಾದವರು. ನಡುವೆ ಡಾಕ್ಟರು ಎದ್ದು ನಿಂತು, "ನಾ ಆರಾಮ ಅದೀನ್ರೀ! ಎಣ್ಣಿ ಜಳಕಾ ಮಾಡಿ ಮಲಗಿದ್ನಿ, ಅಷ್ಟ!" ಎಂದು ಒದರುತ್ತಿದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಲ್ಲಾಡಿಸುತ್ತಿದ್ದರು. ಒಬ್ಬ ಅಜ್ಜಿ, "ಭಾಳ ಧೈರ್ಯಾದ ಜೀವ," ಎಂದು ಇನ್ನೊಬ್ಬಳಿಗೆ ಹೇಳಿದಳು. ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಬೂದಿಯಾಗಬೇಕಿತ್ತು.

ಅಷ್ಟರಲ್ಲಿ ಹೊರಗೊಂದು ಜೀಪು ನಿಂತಿತು. ಇಳಿದವರು ಯಾರು? ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಡಾಕ್ಟರುಗಳು. ಓದಿದವರಾದರೂ ಪದ್ಧತಿ ಬಿಟ್ಟವರಲ್ಲ, ಎಲ್ಲರ ಕೈಯಲ್ಲೂ ಮೋಸಂಬಿಯ ಚೀಲ. ಬಂದವರೇ ಮಂಚದ ಸುತ್ತ ಸಾಲಾಗಿ ಕುಳಿತು ನಿಟ್ಟುಸಿರು ಬಿಟ್ಟರು. ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಆಗ ಅಲಖನೂರಿನ ಗೌಡರು ಜನರ ನಡುವಿನಿಂದ ದಾರಿ ಮಾಡಿಕೊಂಡು ಮುಂದೆ ಬಂದರು. ಬಾಳೆಗೊನೆಯನ್ನೇ ತಂದಿದ್ದರು. ಡಾಕ್ಟರ ಪಕ್ಕದಲ್ಲಿ ಕುಳಿತು, ತೊಡೆಯ ಮೇಲೆ ಕೈಯಿಟ್ಟು, ಅನುಭವಸ್ಥರ ದನಿಯಲ್ಲಿ ಹೇಳಿದರು. "ಅಂಜಬ್ಯಾಡ್ರಿ ಸಾಹೇಬ್ರ. ನಾನೂ ಹಾಕ್ಸಿಕೊಂಡೇನಿ. ತೋಳ ಎರಡ ದಿನ ನೋಯ್ತೈತಿ, ಮಂದಿ ಎಂಟ ದಿನ ಬರ್ತೈತಿ. ಆಮ್ಯಾಲ ಎರಡೂ ಹೋಗ್ತಾವ."

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಕಾಕು ಒಳಗಿನಿಂದ ಬಂದಳು. ಕೈಯಲ್ಲಿ ಫ್ರಿಜ್ಜಿನಿಂದ ತೆಗೆದ ಲಸಿಕೆ. ಅದನ್ನು ಗಂಡನ ಮುಂದೆ ಹಿಡಿದು ಹೇಳಿದಳು. "ಯಾವ ಮಂದಿಗೆ ಅಂಜಿ ಒಲ್ಲೆ ಅಂದ್ರೋ ಆ ಮಂದಿ ಬಂದ ಕುಂತೈತಿ. ಚಹಾ ಮಾಡಿ ಮಾಡಿ ನನ್ನ ಕೈ ಸೋತಾವ. ಜಡ್ಡಿನ ಹೆಸರಂತೂ ಬಂತು, ಸೂಜಿನೂ ಹಾಕ್ಸಿಕೋರಿ."

ಡಾಕ್ಟರು ಆಕೆಯನ್ನು ನೋಡಿದರು. ಇನ್ನೇನು ಬೈಯುತ್ತಾರೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಬೈಯಲಿಲ್ಲ. ಎದುರು ಕುಳಿತ ಮುದುಕರ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಹ್ವಾದ ವರ್ಷ ಮಿರಜಕ್ಕ ನೀವೆಲ್ಲಾ ಬಂದಿದ್ರಿ. ಒಬ್ಬೊಬ್ಬರಾಗಿ ಬಂದು ಮಾತಾಡಿಸಿದ್ರಿ. ನಂಗ ಒಂದ ಮಾತ ತಿರಗಿ ಆಡಾಕ ಉಸರ ಇರಲಿಲ್ಲ. ಬಂದವ್ರಿಗೆ ಬರ್ರಿ ಅನ್ನಾಕೂ ಆಗಲಿಲ್ಲ. ಹಂಗ ಹೋಗಿಬಿಡ್ತೇನಿ ಅಂತ ಭಾಳ ಅಂಜಿದ್ನಿ." ಅಷ್ಟು ಹೇಳಲು ಅವರು ನಡುವೆ ಒಮ್ಮೆ ನಿಲ್ಲಬೇಕಾಯಿತು. ಕಾಕು ಗೋಡೆಯ ಕಡೆ ಮುಖ ಮಾಡಿದಳು. ಆ ಮನುಷ್ಯನಿಗೂ ಅಂಜಿಕೆ ಇರಬಹುದೆಂದು ನನಗೆ ಅಂದಿನವರೆಗೆ ತಿಳಿದೇ ಇರಲಿಲ್ಲ.

ಡಾಕ್ಟರು ಅಂಗಿಯ ತೋಳು ಮೇಲೇರಿಸಿದರು. ನಿಪ್ಪಾಣಿಯ ಡಾಕ್ಟರು ಸೂಜಿ ತುಂಬಿದರು. ಗುರುವಿಗೆ ಚುಚ್ಚುವುದೆಂದರೆ ಅವರ ಕೈ ಸಣ್ಣಗೆ ನಡುಗುತ್ತಿತ್ತು. "ಕೈ ಸಡಿಲ ಬಿಡ್ರಿ ಸರ್," ಎಂದರು. "ನಂಗ ಕಲಸ್ತೀಯೇನಲೇ? ನೀ ಮೊದಲ ನಿನ್ನ ಕೈ ಗಟ್ಟಿ ಹಿಡಿ," ಎಂದರು ಹಿರಿಯರು. ಸೂಜಿ ಇಳಿಯಿತು, ಹೊರಬಂತು. ಗೌಡರು ತಾವೇ ಮಾಡಿದಷ್ಟು ಸಂತೋಷದಿಂದ ಬಾಳೆಹಣ್ಣು ಹಂಚತೊಡಗಿದರು. ಅಥಣಿಯ ಡಾಕ್ಟರು ಹಣ್ಣು ಸುಲಿಯುತ್ತ ನನ್ನ ಹತ್ತಿರ ಬಂದು, "ನಮ್ಮ ಅವ್ವಗ ಎಂಬತ್ತು. ಇನ್ನೊಂದ ಐತೇನ್ರಿ?" ಎಂದರು. ಇತ್ತು. ರಾಯಬಾಗದವರು ಅಪ್ಪನಿಗೆ ಬೇಕೆಂದರು. ಇರಲಿಲ್ಲ, ಬೆಳಗಾವಿಯ ಅಂಗಡಿ ತೆರೆಯುವವರೆಗೆ ಕಾಯಬೇಕಾಯಿತು.

ಆಮೇಲೆ ಡಾಕ್ಟರುಗಳು ಊರ ಜನಕ್ಕೂ ಒಂದು ಉಪಾಯ ಕಂಡುಕೊಂಡರು. ಒಬ್ಬೊಬ್ಬರಿಗೆ ಹಾಕಿದರೆ ತಾನೇ ಅವನು ರೋಗಿಯಾಗುವುದು? ಗಂಡ ಹೆಂಡತಿಗೆ, ಬೀಗ ಬೀಗಿತಿಗೆ, ಕಟ್ಟೆಯ ಮೇಲೆ ಕೂಡುವ ಗೆಳೆಯರಿಗೆ ಒಟ್ಟಿಗೇ ಹಾಕತೊಡಗಿದರು. ಎಲ್ಲರ ತೋಳೂ ಒಟ್ಟಿಗೇ ನೋಯುವಾಗ ಯಾರು ಯಾರನ್ನು ಮಾತಾಡಿಸಲು ಹೋಗುತ್ತಾರೆ? ಲಸಿಕೆಯ ಬೆಲೆ ಎಲ್ಲರಿಗೂ ನಿಲುಕುವಂತಿರಲಿಲ್ಲ ನಿಜ. ಆದರೂ ಒಲ್ಲೆ ಎನ್ನುವ ಡಾಕ್ಟರು ನನ್ನ ಐದೂರಿನಲ್ಲಿ ಉಳಿಯಲಿಲ್ಲ. ಗೌಡರು ಮಾತ್ರ ಹೋದಲ್ಲೆಲ್ಲ, ಈ ಸೀಮೆಯಲ್ಲಿ ಮೊದಲು ತೋಳು ಕೊಟ್ಟವನು ತಾನೇ ಎಂದು ಹೇಳಿಕೊಳ್ಳುತ್ತಿದ್ದರು.

ಚಳಿ ಬಂತು. ಆ ವರ್ಷದ ಚಳಿ ಹುಲ್ಲಿನ ಬಣವೆಯೊಳಗೂ ನುಗ್ಗುವಂಥದ್ದು. ಕಬ್ಬು ಕಡಿಯುವವರು ಹೊತ್ತೇರುವವರೆಗೆ ಬೆಂಕಿ ಬಿಟ್ಟು ಏಳುತ್ತಿರಲಿಲ್ಲ. ನನಗೆ ಒಳಗೊಳಗೇ ಹೆದರಿಕೆ. ಈ ಸೂಜಿ ಹಾಕಿಸಿಕೊಂಡರೆ ಯಾವ ನ್ಯುಮೋನಿಯಾವೂ ಬರುವುದೇ ಇಲ್ಲ ಎಂದಲ್ಲ, ಅದನ್ನು ಮಾರುತ್ತಿದ್ದ ನನಗೇ ಅದು ಚೆನ್ನಾಗಿ ಗೊತ್ತಿತ್ತು. ಅಥಣಿಯಲ್ಲಿರಲಿ, ಕಾಗವಾಡದಲ್ಲಿರಲಿ, ಚಿಕ್ಕೋಡಿ ಕಡೆಯ ಬಸ್ಸು ಬಂದರೆ ಇಳಿದವರ ಮುಖ ನೋಡುತ್ತಿದ್ದೆ, ಏನಾದರೂ ಸುದ್ದಿ ತಂದಿದ್ದಾರೇನೋ ಎಂದು. ಸಂಕ್ರಾಂತಿ ಕಳೆದ ಮೇಲೆ, ಹಿಂದಿನ ವರ್ಷ ಅವರನ್ನು ಮಿರಜಕ್ಕೆ ಒಯ್ದ ಆ ದಿನಗಳಲ್ಲೇ, ಒಂದು ಮುಂಜಾನೆ ತಡೆಯಲಾರದೆ ಅವರ ಮನೆಗೆ ಹೋದೆ.

ಬಾಗಿಲಲ್ಲಿರುವಾಗಲೇ ಡಾಕ್ಟರ ದನಿ ಕೇಳಿತು. ದವಾಖಾನೆಯೊಳಗೆ ಯಾರನ್ನೋ ಹಿಡಿದು ಜಾಡಿಸುತ್ತಿದ್ದರು. ಗುಳಿಗೆ ಅರ್ಧಕ್ಕೆ ಬಿಟ್ಟ ಪುಣ್ಯಾತ್ಮನಿರಬೇಕು. ಅವನಿಂದ ಶುರುವಾಗಿ, ಅವನ ಅಪ್ಪ, ಅವನ ಊರು, ಊರಿನ ಪಂಚಾಯಿತಿ ಎಲ್ಲದರ ಉದ್ಧಾರವಾಗುತ್ತಿತ್ತು. ಮಾತು ಎಲ್ಲೂ ತುಂಡಾಗಲಿಲ್ಲ, ಕೆಮ್ಮು ಬರಲಿಲ್ಲ.

ನಾನು ಅಡುಗೆ ಮನೆಯ ಕಡೆ ಹೋದೆ. ಕಾಕು ಒಲೆಯ ಮುಂದೆ ಕುಳಿತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಏಳುತ್ತಿತ್ತು, ಆಕೆಯ ಲಕ್ಷ್ಯ ಅತ್ತ ಇರಲೇ ಇಲ್ಲ. ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ, ಆ ಬೈಗುಳವನ್ನು ಕೇಳುತ್ತಿದ್ದಳು.

"ಕಾಕು, ರೊಟ್ಟಿ ಹೊತ್ತತು," ಎಂದೆ.

"ಹೊತ್ತಲಿ ಬಿಡೋ ತಮ್ಮಾ," ಎಂದಳು, ಕಣ್ಣೊರೆಸಿಕೊಳ್ಳದೆಯೇ. "ಹ್ವಾದ ವರ್ಷ ಈ ಹೊತ್ತಿನ್ಯಾಗ ಈ ಮನ್ಯಾಗ ಸಪ್ಪಳನ ಇರಲಿಲ್ಲ. ಅವ್ರು ಬೈದ ಮುಗಿಸ್ಲಿ, ಆಮ್ಯಾಲ ಬ್ಯಾರೇದು ಬಡೀತೇನಿ."